ಗುಂಗು

ಅಡಿಕೆ ಸೊಕ್ಕಿದವರನ್ನು ನೀವು ನೋಡಿದ್ದೀರಾ? ಮದುವೆ ಮನೆಯಲ್ಲಿ ಒಂದು ಹೋಳು ಬಾಯಿಗೆ ಹಾಕಿಕೊಂಡವರು ಗಳಿಗೆಯಲ್ಲಿ ಬೆವೆತು, ಗೋಡೆ ಹಿಡಿದು ಕೂತುಬಿಡುತ್ತಾರೆ. ಬೆಲ್ಲ ತಿನ್ನಿಸಿ ನೀರು ಕುಡಿಸಿದರೆ ಇಳಿಯುತ್ತದೆ. ಅದೇ ಸೊಕ್ಕು ಎಂಬ ಮಾತನ್ನು ಸೊಸೆಗೆ ಅಂದು ನೋಡಿ, ಮನೆ ಎರಡಾಗುತ್ತದೆ! ಅಮಲಿಗೆ ನಮ್ಮಲ್ಲಿ ಎಷ್ಟೊಂದು ಹೆಸರು. ಕುಡಿದವನಿಗೆ ನಿಶೆ, ಆನೆಗೆ ಮದ, ನಿದ್ದೆಗಣ್ಣಿನ ಕೂಸಿಗೆ ಮಂಪರು. ಇವೆಲ್ಲದರ ನಡುವೆ ನಮ್ಮ ಧಾರವಾಡ ಸೀಮೆಯವರು ಪ್ರೀತಿಯಿಂದ ಆಡುವ ಮಾತೊಂದಿದೆ, ಗುಂಗು. ಗುಂಗು ಹಿಡಿದವರನ್ನು ಯಾರೂ ಬೈಯುವುದಿಲ್ಲ.

ನಮ್ಮ ಅಜ್ಜಿ ಹುರಿದ ತಂಬಾಕಿನ ಮಿಶ್ರಿ ತಿಕ್ಕುತ್ತ ಹಿತ್ತಲ ಕಟ್ಟೆಯ ಮೇಲೆ ಕೂತಳೆಂದರೆ ಅರ್ಧ ತಾಸು ಆಕೆಯನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಅದನ್ನು ಚಟ ಎಂದವರಿಲ್ಲ. ಹಲ್ಲು ತಿಕ್ಕುವುದು ಚಟವಾದೀತೆ?

ಅಪ್ಪನದು ಮಾತ್ರ ಅಪ್ಪಟ ಗುಂಗು. ಹುಬ್ಬಳ್ಳಿಯ ರೈಲ್ವೆ ವರ್ಕಶಾಪಿನಲ್ಲಿ ನೌಕರಿ, ಕೇಶ್ವಾಪುರದಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ತಲೆಯ ತುಂಬ ಸಂಗೀತ. ಸವಾಯಿ ಗಂಧರ್ವರು ತೀರಿಕೊಂಡದ್ದು 1952ರಲ್ಲಿ. ಅವರ ಪುಣ್ಯತಿಥಿಗೆಂದು ಕುಂದಗೋಳದ ನಾಡಗೀರ ವಾಡೆಯಲ್ಲಿ ರಾತ್ರಿಯಿಡೀ ಹಾಡು ನಡೆಯುತ್ತಿತ್ತು. ಹುಬ್ಬಳ್ಳಿಯಿಂದ ಸುಮಾರು 20 ಕಿಲೋಮೀಟರ್ ದಾರಿ. ಸಂಜೆ ರೈಲು ಹತ್ತಿದ ಅಪ್ಪ ತಿರುಗಿ ಬರುವುದು ಮರುದಿನವೇ. ಭೈರವಿ ಕೇಳದೆ ಏಳುವುದೆಂದರೆ ಅವನ ಪಾಲಿಗೆ ಊಟದ ನಡುವೆ ಎಲೆ ಬಿಟ್ಟು ಎದ್ದಂತೆ. ಮನೆಗೆ ಬಂದಾಗ ಕಣ್ಣು ಕೆಂಪು, ಹೆಜ್ಜೆ ತಪ್ಪು, ಕೇಳಿದ್ದಕ್ಕೆ ಉತ್ತರವಿಲ್ಲ. ಮುಂದಿಟ್ಟ ಚಹಾ ಆರಿ ಕೆನೆಗಟ್ಟುತ್ತಿತ್ತು.

ಭಾಂಡೆ ತಿಕ್ಕಲು ಬರುತ್ತಿದ್ದಾಕೆ ಒಮ್ಮೆ ಬೂದಿಗೈಯಲ್ಲೇ ಅವನನ್ನು ನೋಡಿ ಅಂದಳು: “ನಮ್ಮಾಂವನೂ ಹಿಂಗ ಬರ್ತಾನ್ರೀ ಅವ್ವಾರ. ವಾಸನಿ ಒಂದು ಬ್ಯಾರೆ.”

ಅವ್ವ ಎರಡು ದಿನ ಆಕೆಯೊಡನೆ ಮಾತು ಬಿಟ್ಟಳು. ಸರಾಯಿಯನ್ನೂ ಸಂಗೀತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೆ? ಆಕೆಯ ಗಂಡ ಪಗಾರವನ್ನೆಲ್ಲ ಕುಡಿದು, ಬಂದು ಹೊಡೆಯುತ್ತಿದ್ದ. ಅಪ್ಪ ಒಮ್ಮೆಯೂ ಕೈ ಎತ್ತಿದವನಲ್ಲ. ಎರಡೂ ಒಂದೇ ಎಂದು ನಾನೂ ಇವತ್ತಿಗೂ ಹೇಳಲಾರೆ.

ಆದರೆ ನಾನು ಐದು ವರ್ಷದವಳಿದ್ದಾಗ ಅಂಥದೇ ಒಂದು ರಾತ್ರಿ ಜ್ವರ ನೆತ್ತಿಗೇರಿ ಸೆಟೆದುಕೊಂಡೆನಂತೆ. ಅಪ್ಪ ಕುಂದಗೋಳದಲ್ಲಿ. ಅವ್ವ ನನ್ನನ್ನು ಕೌದಿಯಲ್ಲಿ ಸುತ್ತಿಕೊಂಡು ಓಣಿಗೆ ಇಳಿದಾಗ ಎಚ್ಚರವಿದ್ದವಳು ಆಕೆಯೊಬ್ಬಳೇ. ಗಂಡನ ದಾರಿ ಕಾಯುತ್ತ ಕಟ್ಟೆಯ ಮೇಲೆ ಕೂತಿದ್ದಳು. ಇಬ್ಬರೂ ಕೂಡಿ ಹೋಗಿ ಡಾಕ್ಟರ ಮನೆಯ ಬಾಗಿಲು ಬಡಿದರು. ಮುಂಜಾನೆ ಅಪ್ಪ ತೋಡಿ ಗುನುಗುತ್ತ ಬಂದ. ಅವ್ವ ಏನೂ ಹೇಳಲಿಲ್ಲ. ಅವನಿಗೆ ಸುದ್ದಿ ತಿಳಿದದ್ದು ಮೂರು ದಿನದ ಮೇಲೆ, ಗೂಡಿನಲ್ಲಿ ಔಷಧದ ಬಾಟಲಿ ಕಂಡಾಗ. ಆ ವರ್ಷ ಬಹಳ ಅತ್ತನಂತೆ. ಮರುವರ್ಷ ಮತ್ತೆ ರೈಲು ಹತ್ತಿದ.

ಊಟಕ್ಕೆ ಕೂತರೆ ಅಪ್ಪ ಗಂಗೂಬಾಯಿ ಹಾನಗಲ್ಲರ ಕಥೆ ತೆಗೆಯುತ್ತಿದ್ದ. ಮಕ್ಕಳ ತಾಯಿಯಾದ ಮೇಲೂ ಆಕೆ ಹುಬ್ಬಳ್ಳಿಯಿಂದ ಇದೇ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಿಂದ ಪಾಠ ಹೇಳಿಸಿಕೊಂಡದ್ದನ್ನು ಹೇಳುತ್ತ ಅವನ ಕಣ್ಣು ಒದ್ದೆಯಾಗುತ್ತಿದ್ದವು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದಳು. ಆ ಕಥೆ ಬಂದಾಗ ಬಡಿತ ತುಸು ನಿಧಾನವಾಗುತ್ತಿತ್ತೇ? ಆಗ ನಾನು ಲಕ್ಷ್ಯ ಕೊಡಲಿಲ್ಲ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸರಾಯಿ ನಿಂತಿತು. ಆ ಹೊತ್ತಿಗೆ ಭಾಂಡೆಯಾಕೆಯ ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಗನ ಸರದಿ ನಡೆದಿತ್ತು. ಇನ್ನಾದರೂ ಆರಾಮಾಯಿತಲ್ಲ ಎಂದರೆ ಆಕೆ ನಕ್ಕಳು. “ಸರಾಯಿ ಬಂದ್ ಆತ್ರೀ ಯವ್ವಾ, ಕುಡಿಯೂದು ಎಲ್ಲಿ ಬಂದ್ ಆತು? ಈಗ ವಿಸ್ಕಿಗೆ ಇನ್ನಷ್ಟು ರೊಕ್ಕ ಬೇಡತಾನ.” ಮುದುಕಿ ಇನ್ನೂ ಕಟ್ಟೆಯ ಮೇಲೆಯೇ ಕೂತಿದ್ದಳು.

ಅಪ್ಪ ತೀರಿಕೊಂಡ ಮರುವರ್ಷ ತವರಿಗೆ ಹೋದಾಗ ಅಡಿಗೆಮನೆಯಿಂದ ಹಾಲು ಸೀದ ವಾಸನೆ. ಗಾಬರಿಯಿಂದ ಒಳಗೆ ಹೋದೆ. ಹಾಲು ಉಕ್ಕಿ ಗ್ಯಾಸಿನ ಕಟ್ಟೆಯಿಂದ ನೆಲಕ್ಕೆ ಇಳಿದಿತ್ತು. ಜೀವಮಾನದಲ್ಲಿ ಒಂದು ತೊಟ್ಟು ಚೆಲ್ಲಗೊಡದ ಅವ್ವ ನಡುಮನೆಯಲ್ಲಿ ಅಪ್ಪನ ಟೇಪರೆಕಾರ್ಡರಿನ ಮುಂದೆ ಕಣ್ಣು ಮುಚ್ಚಿ ಕೂತಿದ್ದಳು. ಮಲ್ಲಿಕಾರ್ಜುನ ಮನಸೂರರು ಹಾಡುತ್ತಿದ್ದರು.

“ಅವ್ವಾ, ಹಾಲು!”

“ಹೋಗಲಿ ಬಿಡು. ಇದು ಮುಗೀಲಿ.”

ನಾನು ಗ್ಯಾಸು ಆರಿಸಿ ಬಂದು ಪಕ್ಕದಲ್ಲಿ ಕೂತೆ. “ಇಷ್ಟು ಹುಚ್ಚಿದ್ದಾಕಿ ಒಮ್ಮೆರೆ ಕುಂದಗೋಳಕ್ಕ ಯಾಕ ಹೋಗಲಿಲ್ಲ ನೀನು?”

“ಮನ್ಯಾಗ ಯಾರರೆ ಒಬ್ಬರು ಎಚ್ಚರ ಇರಬೇಕಾಗಿತ್ತಲ್ಲ,” ಎಂದಳು, ಕಣ್ಣು ತೆರೆಯದೆ.

ಒಂದು ಬದಿ ಮುಗಿದು ಗುಂಡಿ ಟಕ್ಕೆಂದಿತು. ನಾನು ಹಾಲಿನ ಪಾತ್ರೆ ತಿಕ್ಕಲು ಎದ್ದೆ. ಅವ್ವ ಕ್ಯಾಸೆಟ್ಟು ತಿರುವಿ ಹಾಕಿದಳು.