ಹೊಟ್ಟೆಕಿಚ್ಚನ್ನು ಅವಳಿಗೇ ಹೇಳಿಬಿಡು

ಪ್ರೀತಿಯ ಪುಟ್ಟಿ,

ಗೆಳತಿಯ ಕಥಾಸಂಕಲನ ಹೊರಬಂದ ಮೇಲೆ ನಿನಗೆ ಬರೆಯಲು ಕೂರುವುದೇ ಕಷ್ಟವಾಗಿದೆ ಎಂದಿದ್ದೀಯ. ಅವಳ ಕತೆ ಓದಿದರೆ ಸಂಕಟ, ನಿನ್ನ ಕರಡು ತೋರಿಸಲು ಭಯ. ನಿನ್ನ ಪತ್ರ ಕೈಸೇರುವ ಹೊತ್ತಿಗೆ ನಾನು ಆರ್. ಎಫ್. ಕ್ವಾಂಗ್ ಅವರ 'ಯೆಲ್ಲೋಫೇಸ್' ಕಾದಂಬರಿ ಓದುತ್ತಿದ್ದೆ. 2023ರಲ್ಲಿ ಬಂದ ಪುಸ್ತಕ. ಓಟದಲ್ಲಿ ಥ್ರಿಲ್ಲರ್, ಒಳಗೆಲ್ಲ ಪ್ರಕಾಶನ ಲೋಕದ ಕಟು ವಿಡಂಬನೆ. ಅದನ್ನು ನಿನಗೆ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಕಾದಂಬರಿಯಲ್ಲಿ ಬಿಳಿಯಳಾದ ಜೂನ್ ಮತ್ತು ಅವಳ ಗೆಳತಿ ಅಥೀನಾ ಯೇಲ್ ವಿಶ್ವವಿದ್ಯಾಲಯದಲ್ಲಿ ಒಟ್ಟಿಗೆ ಓದಿದವರು. ಅಥೀನಾಗೆ ಬೇಗನೆ ಹೆಸರು, ಹಣ ಎರಡೂ ಬಂದವು. ಜೂನ್‌ಳ ಮೊದಲ ಪುಸ್ತಕವನ್ನು ಕೇಳುವವರಿರಲಿಲ್ಲ. ಒಂದು ರಾತ್ರಿ ವಾಷಿಂಗ್ಟನ್‌ನ ಮನೆಯಲ್ಲಿ, ಪ್ಯಾನ್‌ಕೇಕ್ ಗಂಟಲಲ್ಲಿ ಸಿಕ್ಕಿ ಅಥೀನಾ ಜೂನ್‌ಳ ಕಣ್ಣೆದುರೇ ಸಾಯುತ್ತಾಳೆ. ಟೈಪ್‌ರೈಟರಿನಲ್ಲಿ ಆಗಷ್ಟೇ ಮುಗಿಸಿದ್ದ ಅವಳ ಹಸ್ತಪ್ರತಿ ಜೂನ್‌ಳ ಚೀಲ ಸೇರುತ್ತದೆ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ದುಡಿಸಿಕೊಂಡ ಸುಮಾರು 1,40,000 ಚೀನೀ ಕೂಲಿಗಳು ಆ ಕೃತಿಯ ವಸ್ತು. ಜೂನ್ ಅದನ್ನು ತಿದ್ದಿ, ಜುನಿಪರ್ ಸಾಂಗ್ ಎಂಬ ಹೆಸರಿನಲ್ಲಿ ತನ್ನದೆಂದೇ ಪ್ರಕಟಿಸುತ್ತಾಳೆ.

ಕತೆ ಹೇಳುವವಳು ಜೂನ್. ಪುಸ್ತಕದ ಶಕ್ತಿ ಇರುವುದೇ ಅಲ್ಲಿ. ಮೊದಲು, ಸುಮ್ಮನೆ ಓದೋಣ ಎನ್ನುತ್ತಾಳೆ. ಆಮೇಲೆ, ಸತ್ತ ಗೆಳತಿಯ ಕೆಲಸ ಪೂರ್ತಿ ಮಾಡೋಣ ಎನ್ನುತ್ತಾಳೆ. ಇಷ್ಟೆಲ್ಲ ತಿದ್ದಿ ಬರೆದ ಮೇಲೆ ಇದು ನನ್ನದೂ ಹೌದಲ್ಲವೇ ಎನ್ನುತ್ತಾಳೆ. ಅವಳು ನಿದ್ದೆಗೆಟ್ಟು ದುಡಿದದ್ದೂ ಸುಳ್ಳಲ್ಲ. ಅಥೀನಾ ಕೂಡ ಸಾಚಾ ಏನಲ್ಲ: ಕಾಲೇಜಿನ ದಿನಗಳಲ್ಲಿ ಜೂನ್ ನಂಬಿ ತೋಡಿಕೊಂಡಿದ್ದ ನೋವನ್ನು ಅವಳು ಕತೆ ಮಾಡಿ ಅಚ್ಚು ಹಾಕಿಸಿದ್ದಳು. ಕ್ವಾಂಗ್ ಸ್ವತಃ ಚೀನಾದ ಗ್ವಾಂಗ್‌ಜೌನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಕೃತಿ ಕದ್ದ ಬಿಳಿಯ ಹೆಣ್ಣಿನ ಮನಸ್ಸಿನೊಳಗೆ ಅವರು ಎಷ್ಟು ಆಳಕ್ಕೆ ಇಳಿದಿದ್ದಾರೆಂದರೆ, ಓದುತ್ತ ಓದುತ್ತ ನಾವೂ ಅವಳ ಪರ ವಾದಿಸತೊಡಗುತ್ತೇವೆ.

ಈ ನೆಪಗಳು ಹಳೆಯವು, ಪುಟ್ಟಿ. ಹತ್ತನೆಯ ಶತಮಾನದ ರಾಜಶೇಖರ 'ಕಾವ್ಯಮೀಮಾಂಸೆ'ಯಲ್ಲಿ ಕವಿಗಳ ಕಳವಿನ ಬಗ್ಗೆ ಅಧ್ಯಾಯಗಳನ್ನೇ ಬರೆದಿದ್ದಾನೆ. ಬೇರೆ ಕಳ್ಳತನ ಕಾಲ ಕಳೆದಂತೆ ಮರೆತುಹೋದೀತು, ಮಾತಿನ ಕಳ್ಳತನದ ಕಳಂಕ ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅಳಿಯದು ಎಂಬ ಅಭಿಪ್ರಾಯ ಅಲ್ಲಿದೆ. ಅವನ ಹೆಂಡತಿ ಅವಂತಿಸುಂದರಿ ಹೇಳಿದಳೆಂದು ಎರವಲಿಗೆ ಒದಗುವ ಕಾರಣಗಳ ಪಟ್ಟಿಯೂ ಇದೆ: ಅವನು ಹೆಸರಿಲ್ಲದವನು, ನಾನು ಹೆಸರುವಾಸಿ, ಅವನಿಗೆ ಪ್ರತಿಷ್ಠೆಯಿಲ್ಲ, ನನಗಿದೆ. ಸಾವಿರ ವರ್ಷದ ಬಳಿಕ ಜೂನ್ ಅಂಥದೇ ಪಟ್ಟಿ ಒಪ್ಪಿಸುತ್ತಾಳೆ.

ಇಂಥ ಕಳವಿನ ವಿರುದ್ಧ ಕಾನೂನಿನ ಆಸರೆಗೂ ಮಿತಿಯಿದೆ. ನಮ್ಮ ಸುಪ್ರೀಂ ಕೋರ್ಟು 1978ರಲ್ಲಿ ಆರ್. ಜಿ. ಆನಂದ್ ಪ್ರಕರಣದಲ್ಲಿ, ಬರಿಯ ಕಲ್ಪನೆಗೆ, ವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ಕಟ್ಟಿದ ರೀತಿಗೆ ಮಾತ್ರ ಉಂಟು ಎಂದಿತು. ಅದು ಸರಿಯೇ; ಇಲ್ಲದಿದ್ದರೆ ಯಾರೂ ಏನನ್ನೂ ಬರೆಯಲಾಗುತ್ತಿರಲಿಲ್ಲ. ಆದರೆ ಇಬ್ಬರು ಗೆಳತಿಯರ ನಡುವಿನ ನಂಬಿಕೆಯನ್ನು ಯಾವ ಕೋರ್ಟೂ ಕಾಯುವುದಿಲ್ಲ. ಅದನ್ನು ನೀವಿಬ್ಬರೇ ಕಾಯಬೇಕು.

ಹೊಟ್ಟೆಕಿಚ್ಚಿಗೆ ನಾಚಬೇಡ. ಚೆನ್ನಾಗಿರುವುದನ್ನು ಗುರುತಿಸುವ ಕಣ್ಣಿರುವವರಿಗೇ ಅದು ಬರುತ್ತದೆ. ಅದನ್ನು ಮುಚ್ಚಿಟ್ಟಾಗ ಕೆಡುತ್ತದೆ. ಜೂನ್ ಅಥೀನಾಳ ಜೊತೆ ವರ್ಷಗಟ್ಟಲೆ ನಗುತ್ತಲೇ ಇದ್ದಳು, ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ. ನೀನು ಹೇಳು. 'ನಿನ್ನ ಆ ಕತೆ ನಾನು ಬರೆಯಬೇಕಿತ್ತು ಅನ್ನಿಸಿತು ಕಣೇ' ಎಂದು ಅವಳ ಮುಖ ನೋಡಿ ಹೇಳು. ಅವಳಿಗೆ ನಿನ್ನ ಕರಡನ್ನೂ ಕೊಡು. ಅವಳಿಂದ ಒಂದು ಸಾಲು, ಒಂದು ಸನ್ನಿವೇಶ ನಿನಗೆ ಬಂದರೆ ಮೊದಲು ಅವಳ ಒಪ್ಪಿಗೆ ಕೇಳು, ಆಮೇಲೆ ಪುಸ್ತಕದಲ್ಲಿ ಅವಳ ಹೆಸರು ಹಾಕು. ಸಾಲವನ್ನು ಒಪ್ಪಿಕೊಂಡ ಬರಹಗಾರ್ತಿ ಸಣ್ಣವಳಾಗುವುದಿಲ್ಲ. ಜೂನ್‌ಗೆ ಹೆಸರು, ದುಡ್ಡು ಎಲ್ಲ ಸಿಕ್ಕಿಯೂ ನೆಮ್ಮದಿಯಿಂದ ಒಂದು ಪುಟ ಬರೆಯಲಾಗಲಿಲ್ಲ. ನೀನು ನೆಮ್ಮದಿಯಿಂದ ಬರೆಯಬೇಕೆಂಬುದಷ್ಟೇ ನನ್ನಾಸೆ.

ಪುಸ್ತಕವನ್ನು ಅಂಚೆಗೆ ಹಾಕಿದ್ದೇನೆ. ಓದಿದ ಮೇಲೆ ಅವಳಿಗೂ ಕೊಡು, ಇಬ್ಬರೂ ಕೂತು ಮಾತಾಡಿ.

ನಿನ್ನ
ಅಕ್ಕ