ನೋವನ್ನು ನುಡಿದ ತಾಯಿ

ದೇಹಕ್ಕೆ ಬಂದ ವ್ಯಾಧಿಗೆ ವೈದ್ಯರುಂಟು, ಔಷಧವುಂಟು. ಆದರೆ ಆ ವ್ಯಾಧಿಯನ್ನು ಮುಚ್ಚಿಡುವ ಸಂಕೋಚಕ್ಕೆ ಮದ್ದೆಲ್ಲಿ? ಅದು ರೋಗಕ್ಕೆ ಒಳಗೊಳಗೇ ನೀರೆರೆಯುತ್ತದೆ. ಈ ಮಾತಿಗೆ ಇಂಗ್ಲೆಂಡಿನ ಕಾದಂಬರಿಕಾರ್ತಿ ಫ್ಯಾನಿ ಬರ್ನಿಯವರ ಬದುಕು ನಿದರ್ಶನವಾಗಿದೆ.

1778ರಲ್ಲಿ ‘ಎವೆಲಿನಾ’ ಕಾದಂಬರಿಯಿಂದ ಪ್ರಸಿದ್ಧರಾದ ಈ ತಾಯಿ ಮುಂದೆ ಪತಿಯೊಡನೆ ಪ್ಯಾರಿಸ್ಸಿನಲ್ಲಿ ನೆಲೆಸಿದ್ದರು. 1810ರ ಆಗಸ್ಟ್ ಸುಮಾರಿಗೆ ಅವರ ಸ್ತನದಲ್ಲಿ ಸಣ್ಣದೊಂದು ನೋವು ತೋರಿತು. ವಾರದಿಂದ ವಾರಕ್ಕೆ ಅದು ಹೆಚ್ಚಿತು. ವೈದ್ಯರನ್ನು ಕಾಣೆಂದು ಪತಿ ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ತಾನಾಗಿಯೇ ಶಮನವಾದೀತೆಂದು ನಂಬಿದರು. ಕೊನೆಗೆ ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಲಾರೆ ಮೊದಲಾದವರು ಅದನ್ನು ಅರ್ಬುದವೆಂದು ನಿರ್ಣಯಿಸಿ, ಶಸ್ತ್ರಚಿಕಿತ್ಸೆಯಲ್ಲದೆ ಅನ್ಯಮಾರ್ಗವಿಲ್ಲವೆಂದರು.

ಅದು 1811ರ ಸೆಪ್ಟೆಂಬರ್ 30. ಶಸ್ತ್ರಚಿಕಿತ್ಸೆಗೆ ಈಥರ್ ಅರಿವಳಿಕೆ ನೀಡುವುದನ್ನು ಬೋಸ್ಟನ್ನಿನಲ್ಲಿ ಬಹಿರಂಗವಾಗಿ ತೋರಿಸಿದ್ದು 1846ರಲ್ಲಿ. ಅಂದು ಬರ್ನಿಯವರಿಗೆ ದೊರೆತದ್ದು ಒಂದಿಷ್ಟು ಮದ್ಯದ ಪಾನೀಯ ಮಾತ್ರ. ತಮ್ಮ ಯಾತನೆಯನ್ನು ಪತಿ ಕಾಣಬಾರದೆಂದು ಅವರನ್ನು ದೂರವಿರಿಸಿದ್ದರು. ಕಪ್ಪು ಉಡುಪಿನ ಏಳು ಮಂದಿ ಸುತ್ತ ನಿಂತರು. ಮುಖಕ್ಕೆ ಹೊದಿಸಿದ ತೆಳುವಸ್ತ್ರದೊಳಗಿನಿಂದಲೇ ಶಸ್ತ್ರದ ಹೊಳಪು ಕಾಣುತ್ತಿತ್ತು. ಸ್ತನವನ್ನು ಯಾರು ಹಿಡಿದುಕೊಳ್ಳುವರೆಂದು ವೈದ್ಯರು ಕೇಳಿದಾಗ, ತಾವೇ ಹಿಡಿಯುವುದಾಗಿ ಹೇಳಿ ಕೈಯೊಡ್ಡಿದರು. ನಡುವೆ ಎರಡು ಬಾರಿ ಪ್ರಜ್ಞೆ ತಪ್ಪಿತು. ಎಲ್ಲವೂ ಮುಗಿದಾಗ ರಕ್ತದ ಕಲೆಗಳಿದ್ದ ಲಾರೆಯವರ ಮುಖವೂ ರೋಗಿಯ ಮುಖದಷ್ಟೇ ಬಿಳಿಚಿತ್ತು.

ಗಾಯ ಮಾಯಿತು, ನೆನಪು ಮಾಯಲಿಲ್ಲ. 1812ರ ಮಾರ್ಚಿಯಲ್ಲಿ ಸೋದರಿ ಎಸ್ತರಳಿಗೆ ಪತ್ರ ಬರೆಯತೊಡಗಿದವರು ಮುಗಿಸಲು ತಿಂಗಳುಗಳೇ ಹಿಡಿದವು. ಬರೆದದ್ದನ್ನು ಮತ್ತೊಮ್ಮೆ ಓದುವ ಧೈರ್ಯವೂ ಅವರಿಗಿರಲಿಲ್ಲ. ಆದರೂ ಏಕೆ ಬರೆದರು? ತಾವು ಹುಸಿ ನಂಬಿಕೆಯಿಂದ ತಡಮಾಡಿದಂತೆ ತಮ್ಮ ಸೋದರಿಯರು, ಅವರ ಹೆಣ್ಣುಮಕ್ಕಳು ಮಾಡದಿರಲೆಂದು. ತಮ್ಮ ತಪ್ಪನ್ನೇ ಇತರರಿಗೆ ಎಚ್ಚರಿಕೆಯಾಗಿಸುವುದು ಸಾಮಾನ್ಯ ಧೈರ್ಯವಲ್ಲ. ಅವರು ಮುಂದೆ 28 ವರ್ಷಕ್ಕೂ ಹೆಚ್ಚು ಕಾಲ ಬಾಳಿ, 1840ರಲ್ಲಿ ತಮ್ಮ 87ನೆಯ ವಯಸ್ಸಿನಲ್ಲಿ ದೇಹ ಬಿಟ್ಟರು.

ಇಂದು ಅರಿವಳಿಕೆಯುಂಟು, ಮ್ಯಾಮೊಗ್ರಫಿಯುಂಟು, ಹಲವು ಬಗೆಯ ಚಿಕಿತ್ಸೆಗಳುಂಟು. ಬೇಗನೆ ಪತ್ತೆಯಾದರೆ ಗುಣವಾಗುವ ಸಾಧ್ಯತೆಯೂ ಹೆಚ್ಚು. ಆದರೆ ಸಂಕೋಚವು ಇಂದಿಗೂ ಹಾಗೆಯೇ ಇದೆ. ಬರ್ನಿಯವರಿಗೆ ನೋವಾದರೂ ಸೂಚನೆ ಕೊಟ್ಟಿತು. ಈ ರೋಗದ ಗಂಟು ಬಹಳ ಬಾರಿ ನೋಯುವುದೇ ಇಲ್ಲ. ಆದುದರಿಂದ ಸ್ತನದಲ್ಲಾಗಲಿ ಕಂಕುಳಲ್ಲಾಗಲಿ ಗಂಟು ಕಂಡರೆ, ಚರ್ಮ ಸುಕ್ಕಿದರೆ, ತೊಟ್ಟಿನಿಂದ ರಕ್ತ ಒಸರಿದರೆ ತಾಯಂದಿರು ಅಂದೇ ಮನೆಯವರಿಗೆ ತಿಳಿಸಿ ವೈದ್ಯರಲ್ಲಿಗೆ ಹೋಗಬೇಕು. ದೇಹದ ನೋವನ್ನು ನುಡಿಯುವುದು ಲಜ್ಜೆಗೇಡಿತನವಲ್ಲ. ಅದು ಬದುಕಿಗೆ ಸಲ್ಲಿಸುವ ಗೌರವ.