ಕೊಡಗಿಗೆ ಹೋಗುವ ದಾರಿಯಲ್ಲೇ ಇಳಿದುಬಿಟ್ಟೆವು

ಹುಣಸೂರು, ಪಿರಿಯಾಪಟ್ಟಣ ಅಂದ್ರೆ ನಮ್ಮ ಆಫೀಸಿನವರಿಗೆ ಕೊಡಗಿಗೆ ಹೋಗುವಾಗ ಮ್ಯಾಪ್‌ನಲ್ಲಿ ಕಾಣಿಸುವ ಹೆಸರುಗಳು. ಎಚ್.ಡಿ. ಕೋಟೆ ಅಂದ್ರೆ ಕಬಿನಿ ರೆಸಾರ್ಟ್. ಕೆ.ಆರ್. ನಗರ ಅಂದ್ರೆ ಹಾಸನದ ರೈಲು ಸ್ವಲ್ಪ ಹೊತ್ತು ನಿಲ್ಲುವ ಸ್ಟೇಷನ್. ಮೈಸೂರು ಜಿಲ್ಲೆಯ ಈ ನಾಲ್ಕೂ ಊರುಗಳನ್ನ ನಾವು ದಾಟಿ ಹೋಗ್ತೀವೇ ಹೊರತು ಇಳಿಯೋದಿಲ್ಲ. ಕಳೆದ ಆಗಸ್ಟ್‌ನಲ್ಲಿ ನಾನೂ ನನ್ನ ಗೆಳತಿಯೂ ಇಳಿದೆವು. ಎರಡು ದಿನ, ಕಾರಿಲ್ಲ, ಸರ್ಕಾರಿ ಬಸ್ಸು, ಬೆನ್ನಿಗೊಂದು ಬ್ಯಾಗು.

ಕಾರಣವಿತ್ತು. ಅವಳು ಬೇರೊಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಎಂಜಿನಿಯರ್. ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ. ಅರ್ಧ ಟೀಮ್ ಖಾಲಿ, ಎರಡು ರಿಲೀಸ್ ಒಟ್ಟಿಗೆ, ರಾತ್ರಿ ಆನ್‌ಕಾಲ್. ರಾಜೀನಾಮೆಯ ಮೇಲ್ ಡ್ರಾಫ್ಟ್‌ನಲ್ಲಿ ಕೂತಿತ್ತು. ಧ್ಯಾನದ ಆ್ಯಪ್, ಅಭ್ಯಾಸ ಬೆಳೆಸುವ ಆ್ಯಪ್ ಎಲ್ಲಾ ಹಾಕಿಕೊಂಡು ನೋಡಿದ್ದಳು. ಕೊನೆಗೆ ಅವಳು ಹೇಳಿದ್ದು ಒಂದೇ ಮಾತು: "ನನ್ನ ಮೈಂಡ್‌ಸೆಟ್ಟೇ ಸರಿ ಇಲ್ಲ ಕಣೇ."

ಆ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಮನಸ್ಸನ್ನ ಓದುವ ಕೆಲಸ ನಮ್ಮ ಮೈಸೂರಿಗೆ ಹೊಸದೇನಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾಗಿದ್ದು 1924ರಲ್ಲಿ. 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅಲ್ಲಿನ ಮನಶ್ಶಾಸ್ತ್ರ ಪ್ರೊಫೆಸರ್. ಆ ಶಾಸ್ತ್ರ ಇವತ್ತು ಹೇಳುವುದರಲ್ಲಿ ನನಗೆ ಮುಖ್ಯ ಅನ್ನಿಸೋದು ಇದು: ಮನಸ್ಸಿನ ಅರ್ಧ ಕೆಲಸ ತಲೆಯೊಳಗೆ ನಡೆಯುತ್ತೆ, ಇನ್ನರ್ಧ ನಾವಿರುವ ಜಾಗ, ಸಮಯ, ಜನರಿಂದ ನಡೆಯುತ್ತೆ. ಈ ನಾಲ್ಕು ತಾಲ್ಲೂಕಿನಲ್ಲಿ ಅದು ಕಣ್ಣಿಗೇ ಕಾಣಿಸಿತು.

ಕೆ.ಆರ್. ನಗರ: ಕಣ್ಣಿಗೆ ಕೆಲಸ, ತಲೆಗೆ ರಜೆ

ಮೈಸೂರಿನಿಂದ ಸುಮಾರು 40 ಕಿ.ಮೀ. ದೂರ. ಕಾವೇರಿ ನಾಲೆಗಳ ಊರು, ಎಲ್ಲಿ ನೋಡಿದರೂ ಭತ್ತದ ಗದ್ದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಚುಂಚನಕಟ್ಟೆಗೆ ಹೋದೆವು. ಮಳೆಗಾಲದಲ್ಲಿ ಕಾವೇರಿ ಇಲ್ಲಿ ಕವಲೊಡೆದು ಬಂಡೆಗಳ ಮೇಲಿಂದ ಧುಮುಕುತ್ತೆ. ದಡದಲ್ಲೇ ಕೋದಂಡರಾಮನ ಗುಡಿ. ಹೊರಗೆ ಇಷ್ಟು ಸದ್ದಿದ್ದರೂ ಗರ್ಭಗುಡಿಯ ಒಳಗೆ ಜಲಪಾತದ ಸದ್ದು ಕೇಳಿಸೋದಿಲ್ಲ ಅನ್ನೋದು ಊರಿನವರ ಮಾತು.

ನೀರಿನಿಂದ ದೂರದ ಕಟ್ಟೆ ಮೇಲೆ ಅರ್ಧ ಗಂಟೆ ಕೂತೆವು. ಏನೂ ಮಾಡಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ 1989ರ ತಮ್ಮ ಪುಸ್ತಕದಲ್ಲಿ ಇದನ್ನೇ ವಿವರಿಸಿದ್ದಾರೆ. ಕೋಡ್ ಬರೆಯೋದು, ಮೀಟಿಂಗ್‌ನಲ್ಲಿ ಕೂರೋದು, ಟ್ರಾಫಿಕ್ಕಲ್ಲಿ ಗಾಡಿ ಓಡಿಸೋದು, ಇವಕ್ಕೆಲ್ಲ ಗಮನವನ್ನ ನಾವೇ ಹಿಡಿದಿಡಬೇಕು. ಹಿಡಿದು ಹಿಡಿದು ಅದು ದಣಿಯುತ್ತೆ. ಹರಿಯುವ ನೀರು, ಮೋಡ, ಗಾಳಿಗೆ ಆಡುವ ಪೈರು ಹಾಗಲ್ಲ. ಅವು ಕಣ್ಣನ್ನ ಮೆಲ್ಲಗೆ ಸೆಳೆಯುತ್ತವೆ, ಯೋಚನೆಗೂ ಜಾಗ ಬಿಡುತ್ತವೆ. ಅಷ್ಟು ಹೊತ್ತು ದಣಿದ ಗಮನಕ್ಕೆ ವಿಶ್ರಾಂತಿ.

ರೀಲ್ಸ್ ನೋಡಿದರೂ ರೆಸ್ಟ್ ಅಲ್ವಾ ಅಂತ ಕೇಳಬಹುದು. ರೀಲ್ಸ್ ಗಮನವನ್ನ ಪೂರ್ತಿ ಕಿತ್ತುಕೊಳ್ಳುತ್ತೆ, ಯೋಚನೆಗೆ ಜಾಗ ಉಳಿಸೋದಿಲ್ಲ. ವ್ಯತ್ಯಾಸ ಅಲ್ಲಿದೆ.

ಇದಕ್ಕೆ ಜಲಪಾತವೇ ಬೇಕಂತಿಲ್ಲ. ರೋಜರ್ ಉಲ್ರಿಚ್ ಅನ್ನುವವರು 1984ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ದಾಖಲೆ ತೆಗೆದು ನೋಡಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ದರು, ಜೋರು ನೋವಿನ ಔಷಧಿಯನ್ನೂ ಕಮ್ಮಿ ತಗೊಂಡಿದ್ದರು. ಚಿಕ್ಕ ಅಧ್ಯಯನ, ಎರಡೂ ಕಡೆ 23 ಜನ ಮಾತ್ರ. ಆದರೂ ಮನೆಯಲ್ಲಿ ಲ್ಯಾಪ್‌ಟಾಪ್ ಟೇಬಲ್ಲನ್ನ ಯಾವ ಕಡೆ ತಿರುಗಿಸಿ ಇಡಬೇಕು ಅಂತ ಯೋಚಿಸೋಕೆ ಅಷ್ಟು ಸಾಕು.

ಹುಣಸೂರು: ಪಕ್ಕದ ಸೀಟಿನವರು

ಹುಣಸೂರು ಲಕ್ಷ್ಮಣತೀರ್ಥ ನದಿಯ ದಡದ ಊರು. ದೇವರಾಜ ಅರಸು ಅವರ ಕಲ್ಲಹಳ್ಳಿ ಇರೋದು ಇದೇ ತಾಲ್ಲೂಕಿನಲ್ಲಿ. ಬಸ್ ಸ್ಟ್ಯಾಂಡ್‌ನಲ್ಲಿ ಪಿರಿಯಾಪಟ್ಟಣದ ಬಸ್ಸಿಗೆ ನೂಕುನುಗ್ಗಲು. ಹತ್ತಿದವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ, ಎಲ್ಲರ ಕೈಯಲ್ಲೂ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್. ಅಭ್ಯಾಸಬಲದಿಂದ ನಾವಿಬ್ಬರೂ ಇಯರ್‌ಫೋನ್ ಹುಡುಕುತ್ತಿದ್ದೆವು. ಪಕ್ಕದಲ್ಲಿ ಕೂತ ಅಕ್ಕ ಕೇಳಿಯೇಬಿಟ್ಟರು: "ಯಾವೂರ್ ಕಡೆಯವ್ರವ್ವ?"

ನಮ್ಮ ತಲೆಮಾರಿಗೆ ಈ ಪ್ರಶ್ನೆ ಕಿರಿಕಿರಿ. ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ ಎಂಬ ಮನಶ್ಶಾಸ್ತ್ರಜ್ಞರು ಷಿಕಾಗೋದ ರೈಲು, ಬಸ್ಸುಗಳಲ್ಲಿ ಓಡಾಡುವವರ ಮೇಲೆ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಕೆಲವರಿಗೆ ಪಕ್ಕದವರ ಜೊತೆ ಮಾತಾಡಿ ಅಂದರು, ಕೆಲವರಿಗೆ ಸುಮ್ಮನೆ ಒಬ್ಬರೇ ಇರಿ ಅಂದರು. ಸುಮ್ಮನಿದ್ದರೆ ಪ್ರಯಾಣ ಹಿತವಾಗಿರುತ್ತೆ ಅನ್ನೋದು ಜನರ ಊಹೆ. ಆಗಿದ್ದು ಉಲ್ಟಾ. ಮಾತಾಡಿದವರ ಪ್ರಯಾಣವೇ ಹೆಚ್ಚು ಹಿತವಾಗಿತ್ತು. ಪಕ್ಕದವರಿಗೆ ಮಾತು ಇಷ್ಟವಿರೋದಿಲ್ಲ ಅಂತ ಇಬ್ಬರೂ ಅಂದುಕೊಂಡು, ಇಬ್ಬರೂ ಸುಮ್ಮನಿರ್ತೀವಿ. ಹುಣಸೂರಿನ ಅಕ್ಕನಿಗೆ ಆ ಅನುಮಾನವೇ ಇರಲಿಲ್ಲ.

ಅರ್ಧ ದಾರಿಗೆ ಬರುವಷ್ಟರಲ್ಲಿ ನನ್ನ ಗೆಳತಿ ನಗ್ತಾ ಇದ್ದಳು. ಇಳಿಯುವಾಗ ಅಕ್ಕ, "ಬ್ಯಾರನ್ ಹಾಕಿದೀವಿ, ನೋಡ್ಕಂಡ್ ಹೋಗಿ ಬನ್ನಿ" ಅಂದರು. ಹೋದೆವು.

ಪಿರಿಯಾಪಟ್ಟಣ: "ಹರಾಜಾಗ್ಲಿ, ಆಮೇಲೆ"

ಈ ಕಡೆ ಹಳ್ಳಿಗಳಲ್ಲಿ ಕಿಟಕಿ ಕಮ್ಮಿ ಇರುವ ಎತ್ತರದ ಮನೆಯಂಥ ಕಟ್ಟಡ ಕಂಡರೆ ಅದು ಹೊಗೆಸೊಪ್ಪಿನ ಬ್ಯಾರನ್. ಹಸಿ ಎಲೆಗಳನ್ನ ಕೋಲಿಗೆ ಕಟ್ಟಿ ಒಳಗೆ ಸಾಲಾಗಿ ತೂಗುಹಾಕ್ತಾರೆ, ಹೊರಗಿನ ಒಲೆಗೆ ಸೌದೆ ಹಾಕಿ ಕೊಳವೆಗಳ ಮೂಲಕ ಒಳಗೆ ಬಿಸಿ ಏರಿಸ್ತಾರೆ. ಸುಮಾರು ಒಂದು ವಾರ ಹಗಲೂ ರಾತ್ರಿ ಬೆಂಕಿ ನೋಡಿಕೊಳ್ಳಬೇಕು. ಶಾಖ ಹೆಚ್ಚುಕಮ್ಮಿಯಾದರೆ ಎಲೆಯ ಬಣ್ಣ ಹೋಗುತ್ತೆ, ಬಣ್ಣ ಹೋದರೆ ತಂಬಾಕು ಮಂಡಳಿಯ ಹರಾಜಿನಲ್ಲಿ ಬೆಲೆ ಬೀಳುತ್ತೆ. ಈ ಬೆಳೆ ಒಳ್ಳೆಯದಾ ಕೆಟ್ಟದ್ದಾ ಅನ್ನೋ ಚರ್ಚೆ ಬೇರೆ. ಒಲೆ ಮುಂದೆ ಚಾಪೆ ಹಾಸಿ ನಿದ್ದೆಗೆಟ್ಟು ಕೂತ ಮನೆಯವರನ್ನ ನೋಡಿ ಗೆಳತಿ ಅಂದಳು: "ಇದು ಆನ್‌ಕಾಲ್."

ಮಗನ ಫೀಸು, ಸೌದೆಯ ಸಾಲ, ಮನೆಯ ಸೂರು ರಿಪೇರಿ, ಯಾವ ಮಾತು ಬಂದರೂ ಅಕ್ಕನದು ಒಂದೇ ಉತ್ತರ: "ಈಗೇನೂ ತಲೇಗ್ ಹೋಗಲ್ಲ. ಹರಾಜಾಗ್ಲಿ, ಆಮೇಲೆ."

ಇದನ್ನ ಸೋಮಾರಿತನ, ದೂರದೃಷ್ಟಿ ಇಲ್ಲ ಅಂತೆಲ್ಲ ಅನ್ನೋರಿದ್ದಾರೆ. ವಿಜ್ಞಾನ ಬೇರೆ ಹೇಳುತ್ತೆ. ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್ ಮತ್ತು ಅವರ ಜೊತೆಗಾರರು ಪಕ್ಕದ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನ ಕೊಯ್ಲಿಗೆ ಮುಂಚೆ ಒಮ್ಮೆ, ಕೊಯ್ಲಿನ ದುಡ್ಡು ಕೈಗೆ ಬಂದ ಮೇಲೆ ಒಮ್ಮೆ ಪರೀಕ್ಷಿಸಿದರು. 2013ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಅದೇ ರೈತ, ಅದೇ ತಲೆ. ಆದರೆ ದುಡ್ಡಿಲ್ಲದ ಸಮಯದಲ್ಲಿ ಯೋಚನೆಯ ಪರೀಕ್ಷೆಗಳಲ್ಲಿ ಕಮ್ಮಿ ಅಂಕ, ದುಡ್ಡು ಬಂದಮೇಲೆ ಜಾಸ್ತಿ. ಬಿಡುವಿಲ್ಲದ ಚಿಂತೆ ತಲೆಯ ಜಾಗವನ್ನ ತಿಂದುಬಿಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರೊಸೆಸರ್ ಚೆನ್ನಾಗೇ ಇದೆ, ಹಿಂದೆ ಯಾವುದೋ ಭಾರಿ ಪ್ರೋಗ್ರಾಂ ಓಡ್ತಾ ರ್‍ಯಾಮ್ ಎಲ್ಲಾ ಹಿಡಿದಿದೆ.

ಸಮಯದ ಕೊರತೆಯೂ ಹೀಗೇ ಮಾಡುತ್ತೆ ಅಂತಾರೆ ಇವರು. ಅಕ್ಕನ "ಆಮೇಲೆ" ಅನ್ನೋದರಲ್ಲಿ ನನಗೆ ಬುದ್ಧಿವಂತಿಕೆ ಕಾಣಿಸಿತು. ತಲೆ ಖಾಲಿ ಇಲ್ಲದಾಗ ದೊಡ್ಡ ತೀರ್ಮಾನ ಬೇಡ. ಬಸ್ ಸ್ಟಾಪಿಗೆ ವಾಪಸ್ ನಡೆಯುವಾಗ ಗೆಳತಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ರಿಲೀಸ್ ಮುಗಿಯೋವರೆಗೆ ಆ ಮೇಲ್ ಮುಟ್ಟಲ್ಲ" ಅಂದಳು.

ಬೈಲಕುಪ್ಪೆ ಇರೋದೂ ಪಿರಿಯಾಪಟ್ಟಣ ತಾಲ್ಲೂಕಿನಲ್ಲೇ. 1960ರ ದಶಕದ ಶುರುವಿನಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ಜಾಗದಲ್ಲಿ ಟಿಬೆಟನ್ ನಿರಾಶ್ರಿತರು ಕಟ್ಟಿಕೊಂಡ ಊರು. ಗೋಲ್ಡನ್ ಟೆಂಪಲ್‌ನಲ್ಲಿ ಬುದ್ಧ, ಪದ್ಮಸಂಭವ, ಅಮಿತಾಯು ಮೂರ್ತಿಗಳ ಮುಂದೆ ನೂರು ಫೋನು ಮೇಲೆದ್ದಿದ್ದವು. ಲಿಂಡಾ ಹೆಂಕೆಲ್ ಎಂಬ ಮನಶ್ಶಾಸ್ತ್ರಜ್ಞೆ ಮ್ಯೂಸಿಯಂ ಒಂದರಲ್ಲಿ ಕಂಡುಕೊಂಡದ್ದು ನೆನಪಾಯಿತು: ಬರೀ ನೋಡಿದ ವಸ್ತುಗಳಿಗಿಂತ ಫೋಟೋ ತೆಗೆದ ವಸ್ತುಗಳು ಜನರಿಗೆ ಕಮ್ಮಿ ನೆನಪಿದ್ದವು. ಆದರೆ ಒಂದು ಭಾಗವನ್ನೇ ಝೂಮ್ ಮಾಡಿ ತೆಗೆದಾಗ ನೆನಪು ಹಾಗೆ ಕುಗ್ಗಲಿಲ್ಲ. ನಾವು ಗೋಡೆಯ ಚಿತ್ರದ ಒಂದೇ ಒಂದು ಮುಖವನ್ನ ಆರಿಸಿಕೊಂಡು ಒಂದೇ ಫೋಟೋ ತೆಗೆದೆವು.

ನನಗೆ ಹೆಚ್ಚು ಹಿಡಿಸಿದ್ದು ಸೆರಾ ಮಠದ ಅಂಗಳ. ಭಿಕ್ಷುಗಳು ಜೋಡಿ ಜೋಡಿಯಾಗಿ ವಾದ ಮಾಡ್ತಾರೆ. ಒಬ್ಬ ನಿಂತು ಪ್ರಶ್ನೆ ಎಸೆದು ಜೋರಾಗಿ ಚಪ್ಪಾಳೆ ತಟ್ಟುತ್ತಾನೆ, ಕೂತವನು ಉತ್ತರ ಕೊಡಬೇಕು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯ ಇಂಥ ಮಠಗಳ ಭಿಕ್ಷುಗಳಿಗೆ ಭೌತಶಾಸ್ತ್ರ, ಜೀವಶಾಸ್ತ್ರ, ನರವಿಜ್ಞಾನ ಕಲಿಸುವ ಕಾರ್ಯಕ್ರಮವನ್ನೂ ನಡೆಸಿದೆ. ಧ್ಯಾನ ಅಂದ್ರೆ ಒಬ್ಬರೇ ಕಣ್ಮುಚ್ಚಿ ಕೂರೋದು ಅಂತ ಆ್ಯಪ್‌ಗಳು ನಮಗೆ ಹೇಳಿಕೊಟ್ಟಿವೆ. ಇಲ್ಲಿ ನೋಡಿದರೆ ಗಂಟೆ ಬಾರಿಸುವವರಿದ್ದಾರೆ, ಅಡುಗೆ ಮಾಡುವವರಿದ್ದಾರೆ, ತಪ್ಪು ಹೇಳಿದರೆ ನಗುವ ಗೆಳೆಯರಿದ್ದಾರೆ. ಮನಸ್ಸು ಒಂದೆಡೆ ನಿಲ್ಲಲಿ ಅಂತ ಇಡೀ ಊರೇ ಕಟ್ಟಿಕೊಂಡಿದ್ದಾರೆ. ನಾವು ಅದನ್ನೇ ಒಂದು ನೋಟಿಫಿಕೇಷನ್ ನಂಬಿಕೊಂಡು ಮಾಡಲು ಹೋಗಿ, ಆಗದಿದ್ದಾಗ ನಮ್ಮನ್ನೇ ಬೈದುಕೊಳ್ತೀವಿ.

ಎಚ್.ಡಿ. ಕೋಟೆ: ಬೇರು ಕಿತ್ತ ಮೇಲೆ

ಎರಡನೇ ದಿನ ಹುಣಸೂರಿಗೆ ವಾಪಸ್ ಬಂದು ಕೋಟೆಯ ಬಸ್ಸು ಹಿಡಿದೆವು. ಬೀಚನಹಳ್ಳಿಯಲ್ಲಿ ಕಬಿನಿ ತುಂಬಿತ್ತು. ಇದು 1974ರಲ್ಲಿ ಮುಗಿದ ಅಣೆಕಟ್ಟು. ಇಲ್ಲಿನ ಹಸಿರು, ನೀರು, ಆನೆ ನೋಡಲು ಜನ ಒಂದು ರಾತ್ರಿಗೆ ಸಾವಿರಾರು ರೂಪಾಯಿ ಕೊಡ್ತಾರೆ. ಚುಂಚನಕಟ್ಟೆಯ ಪಾಠದ ಪ್ರಕಾರ ಅದು ಸರಿಯಾದ ಖರ್ಚೇ.

ಆದರೆ ಈ ನೀರಿನ ಕೆಳಗೆ ಹಳ್ಳಿಗಳಿದ್ದವು. ನಾಗರಹೊಳೆ ಕಾಡಿನ ಒಳಗೆ ಜೇನುಕುರುಬರ ಹಾಡಿಗಳಿದ್ದವು. ಎಷ್ಟೋ ಕುಟುಂಬಗಳು ಹೊರಗೆ ಬಂದಿವೆ, ಕೆಲವು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕು ಕೇಳುತ್ತಲೇ ಇವೆ. ಟೀ ಅಂಗಡಿಯಲ್ಲಿ ಸಿಕ್ಕ ಹಾಡಿಯ ಹಿರಿಯರೊಬ್ಬರು ಕೊಡಗಿನ ತೋಟದ ಕೂಲಿ ಮುಗಿಸಿ ಬಂದಿದ್ದರು. "ನೀವು ಕಾಡಿಗೆ ದುಡ್ಡು ಕೊಟ್ಟು ಹೋಗ್ತೀರಿ. ನಾವು ನಮ್ಮ ದೇವ್ರಿಗೆ ಕೇಳ್ಕೊಂಡು ಹೋಗ್ಬೇಕು" ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ.

ಮಿಂಡಿ ಫುಲಿಲವ್ ಎಂಬ ಮನೋವೈದ್ಯೆ ಅಮೆರಿಕದ ನಗರಗಳಲ್ಲಿ ಒಕ್ಕಲೆಬ್ಬಿಸಿದ ಬಡಾವಣೆಗಳ ಜನರನ್ನ ಅಧ್ಯಯನ ಮಾಡಿ 2004ರಲ್ಲಿ ಪುಸ್ತಕ ಬರೆದರು. ಸಸಿ ಕಿತ್ತು ಬೇರೆ ಕಡೆ ನೆಟ್ಟಾಗ ಅದು ಬಾಡುತ್ತಲ್ಲ, ಆ ಬೇರಿನ ಆಘಾತದ ಹೆಸರನ್ನೇ ಅವರು ಜನರ ನೋವಿಗೂ ಕೊಟ್ಟರು. ಜಾಗ ಹೋದಾಗ ಬರೀ ಮನೆ ಹೋಗೋದಿಲ್ಲ. ಗುರುತು, ನೆರೆ, ನಡೆಯುವ ದಾರಿ, ಎಲ್ಲಕ್ಕೂ ಪೆಟ್ಟು ಬೀಳುತ್ತೆ. ಅಂಥವರ ಮುಂದೆ ನಿಂತು 'ಪಾಸಿಟಿವ್ ಆಗಿ ಯೋಚಿಸಿ' ಅನ್ನೋಕೆ ಬಾಯಿ ಬರೋದಿಲ್ಲ. 1984ರಲ್ಲಿ ಶುರುವಾಗಿ ಇದೇ ತಾಲ್ಲೂಕಿನ ಕಾಡಂಚಿನಲ್ಲಿ ಕೆಲಸ ಮಾಡುತ್ತಿರುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕಟ್ಟಿದ್ದು ಕೂಡ ಆಸ್ಪತ್ರೆ ಮತ್ತು ಶಾಲೆ. ಉಪದೇಶಕ್ಕಿಂತ ಮೊದಲು ಅವು ಬೇಕು.

ಗೆಳತಿ ಕೆಲಸ ಬಿಟ್ಟಳಾ ಅಂತ ಕೇಳ್ತೀರಾ? ಬಿಟ್ಟಳು. ಆದರೆ ನವೆಂಬರ್‌ನಲ್ಲಿ. ರಿಲೀಸ್ ಮುಗಿಸಿ, ಎರಡು ವಾರ ನಿದ್ದೆ ಮಾಡಿ, ಇಎಂಐ ಲೆಕ್ಕ ಹಾಕಿ, ಇನ್ನೊಂದು ಆಫರ್ ಕೈಲಿಟ್ಟುಕೊಂಡು. ನಡುವೆ ಆಪ್ತಸಮಾಲೋಚಕರ ಹತ್ತಿರವೂ ಹೋದಳು. 'ನನ್ನ ಮೈಂಡ್‌ಸೆಟ್ಟೇ ಸರಿ ಇಲ್ಲ' ಅನ್ನೋದನ್ನ ನಿಲ್ಲಿಸಿದಳು. ನನಗೆ ಅದೇ ದೊಡ್ಡದು.

ಸೋಮವಾರಕ್ಕೆ ಇಷ್ಟು ಸಾಕು

• ದಿನಕ್ಕೆ ಹತ್ತು ನಿಮಿಷ ಮರ, ಮೋಡ, ಕೆರೆ, ಏನು ಸಿಗುತ್ತೋ ಅದನ್ನ ನೋಡಿ. ಫೋನು ಜೇಬಿನಲ್ಲಿರಲಿ.

• ಕ್ಯಾಬ್, ಬಸ್ಸು, ಲಿಫ್ಟು, ಎಲ್ಲಾದರೂ ಒಬ್ಬರನ್ನ ಮಾತಾಡಿಸಿ. "ಯಾವೂರು?" ಸಾಕು.

• ಡೆಡ್‌ಲೈನ್ ವಾರದಲ್ಲಿ ಕೆಲಸ, ಮದುವೆ, ಸಾಲದಂಥ ದೊಡ್ಡ ತೀರ್ಮಾನ ಬೇಡ. ಡೇಟ್ ಹಾಕಿ ಮುಂದಕ್ಕೆ ಇಡಿ.

• ಹೊಸ ಅಭ್ಯಾಸ ಒಬ್ಬರೇ ಶುರು ಮಾಡಬೇಡಿ. ಜೊತೆಗೊಬ್ಬರು, ಒಂದು ಜಾಗ, ಒಂದು ಸಮಯ ಇರಲಿ.

• ಬೇರೆಯವರನ್ನ 'ವಿಲ್‌ಪವರ್ ಇಲ್ಲ' ಅನ್ನುವ ಮೊದಲು ಅವರ ಮನೆಯ ಬ್ಯಾರನ್ ಉರಿಯುತ್ತಿದೆಯಾ ನೋಡಿ.

ಇಷ್ಟೆಲ್ಲ ಮಾಡಿದರೂ ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ, ಬದುಕು ಬೇಡ ಅನ್ನಿಸಿದರೆ, ಪ್ರವಾಸ ಅದಕ್ಕೆ ಮದ್ದಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ, ದುಡ್ಡು ಕೊಡಬೇಕಾಗಿಲ್ಲ, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಜ್ವರಕ್ಕೆ ಡಾಕ್ಟರ ಹತ್ತಿರ ಹೋದಷ್ಟೇ ಸಹಜ ಇದು.